ಯಂತ್ರವೂ ಕಾರಣ ಹೇಳಬೇಡವೆ?

ಯಂತ್ರವು ಆಲೋಚಿಸಬಲ್ಲದೆ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಎತ್ತಿದರು. ವಿದ್ವಾಂಸರು ಅದನ್ನು ಇಂದಿಗೂ ಚರ್ಚಿಸುತ್ತಿದ್ದಾರೆ, ಚರ್ಚಿಸಲಿ. ನನಗೆ ಹೆಚ್ಚು ತುರ್ತಾಗಿ ತೋರುವ ಪ್ರಶ್ನೆ ಬೇರೊಂದಿದೆ. ಯಂತ್ರವು ನಮ್ಮ ವಿಷಯದಲ್ಲಿ ಒಂದು ನಿರ್ಣಯವನ್ನಿತ್ತಾಗ, ಏಕೆಂದು ಕೇಳಿದರೆ ಅದು ಉತ್ತರ ಕೊಡಬಲ್ಲದೆ?

ಒಂದು ಕಾಲಕ್ಕೆ ಕೊಡುತ್ತಿತ್ತು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಮೈಸಿನ್’ ಎಂಬ ಗಣಕವ್ಯವಸ್ಥೆ ರಕ್ತದ ಸೋಂಕುಗಳಿಗೆ ಔಷಧವನ್ನು ಸೂಚಿಸುತ್ತಿತ್ತು. ವೈದ್ಯನು ‘ಏಕೆ’ ಎಂದರೆ ತಾನು ಅನುಸರಿಸಿದ ನಿಯಮವನ್ನು ಮುಂದಿಡುತ್ತಿತ್ತು. ಆ ನಿಯಮಗಳನ್ನು ಬರೆದವರು ಮನುಷ್ಯರೇ. ಈಚಿನ ಯಂತ್ರಗಳಾದರೋ ಹಳೆಯ ಉದಾಹರಣೆಗಳ ರಾಶಿಯಿಂದ ತಾವೇ ಕಲಿಯುತ್ತವೆ. ಕಲಿತದ್ದು ಅಂಕೆಗಳಾಗಿ ಒಳಗೆಲ್ಲ ಹರಡಿಹೋಗಿರುತ್ತದೆ. ಕಟ್ಟಿದವನೇ ಇಣುಕಿದರೂ ಅಂಕೆಗಳು ಕಾಣುತ್ತವೆಯೇ ಹೊರತು ಕಾರಣ ಕಾಣುವುದಿಲ್ಲ.

ನಿರ್ಣಯ ಸರಿಯಿದ್ದರೆ ಸಾಲದೆ, ಕಾರಣವೇಕೆ ಎನ್ನುವವರಿದ್ದಾರೆ. ಅವರಿಗಾಗಿ ಒಂದು ಪ್ರಸಂಗವನ್ನು ತುಸು ವಿವರವಾಗಿ ಹೇಳಬೇಕು. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು, ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಪ್ರಾಣಭಯ ಹೆಚ್ಚು, ಯಾರು ಮನೆಯಲ್ಲೇ ಚಿಕಿತ್ಸೆ ಪಡೆಯಬಹುದು ಎಂಬುದನ್ನು ಯಂತ್ರಕ್ಕೆ ಕಲಿಸಹೊರಟರು. ಅವರು ಪ್ರಯತ್ನಿಸಿದ ವಿಧಾನಗಳಲ್ಲಿ ‘ನರಜಾಲ’ವೆಂಬುದು ಅತ್ಯಂತ ನಿಖರವಾಗಿತ್ತು, ಆದರೆ ಅದು ಮೂಕ. ಇನ್ನೊಂದು ವಿಧಾನ, ತಾನು ಕಲಿತದ್ದನ್ನು ಓದಬಲ್ಲ ನಿಯಮಗಳಾಗಿ ಬರೆದುಕೊಡುತ್ತಿತ್ತು. ಆ ನಿಯಮಗಳಲ್ಲೊಂದನ್ನು ಕಂಡು ಅವರು ಬೆಚ್ಚಿದರು: ಉಬ್ಬಸವಿರುವ ರೋಗಿಗೆ ಸಾವಿನ ಭಯ ಕಡಿಮೆ!

ಅಂಕಿಗಳು ಸುಳ್ಳಾಡಿರಲಿಲ್ಲ. ಉಬ್ಬಸದ ರೋಗಿಗೆ ಅಪಾಯ ಹೆಚ್ಚೆಂದೇ ವೈದ್ಯರು ಅವನನ್ನು ನೇರವಾಗಿ ತೀವ್ರನಿಗಾ ಘಟಕಕ್ಕೆ ಒಯ್ಯುತ್ತಿದ್ದರು. ಆದ್ದರಿಂದ ಅವನು ಬದುಕುತ್ತಿದ್ದ. ಯಂತ್ರದ ಮಾತಿನಂತೆ ಮನೆಗೆ ಕಳುಹಿಸಿದ್ದರೆ? ನರಜಾಲವೂ ಇದನ್ನೇ, ಇಂಥ ಇನ್ನೆಷ್ಟನ್ನೋ ಕಲಿತಿರಬಹುದೆಂಬ ಅಂಜಿಕೆಯಿಂದ ಸಂಶೋಧಕರು ಅದನ್ನು ಬದಿಗಿರಿಸಿದರು.

ನಮ್ಮ ನೈಯಾಯಿಕರಿಗೆ ಈ ದೋಷ ಅಪರಿಚಿತವಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆ ಸೇರಿದಾಗ ಮಾತ್ರ ಹೊಗೆ. ಹೀಗೆ ಮರೆಯಲ್ಲಿ ನಿಂತು ಸಂಬಂಧವನ್ನು ನಡೆಸುವ ಸಂಗತಿಯನ್ನು ಅವರು ‘ಉಪಾಧಿ’ ಎಂದರು. ಉಬ್ಬಸದ ಪ್ರಸಂಗದಲ್ಲಿ ತೀವ್ರನಿಗಾ ಘಟಕವೇ ಆ ಹಸಿ ಸೌದೆ. ಹೇತುವನ್ನು ಬಾಯಿಬಿಟ್ಟು ಹೇಳಿದರೆ ತಾನೆ ಪ್ರತಿವಾದಿಯು ಉಪಾಧಿಯನ್ನು ಎತ್ತಿ ತೋರಿಸುವುದು?

ಇಂದಿನ ಸಂಭಾಷಣಾ ಯಂತ್ರಗಳು ಕೇಳಿದೊಡನೆ ನಿರರ್ಗಳವಾಗಿ ಕಾರಣ ಹೇಳುತ್ತವಲ್ಲ ಎನ್ನಬಹುದು. ಆದರೆ ಹಾಗೆ ಹೇಳಿದ ಕಾರಣವೇ ನಿರ್ಣಯವನ್ನು ನಡೆಸಿತೆಂಬುದಕ್ಕೆ ಭರವಸೆಯಿಲ್ಲ. ಮನುಷ್ಯರಲ್ಲೂ ಈ ಚಾಳಿ ಉಂಟೆನ್ನಿ. ಆದರೆ ಮನುಷ್ಯನನ್ನು ಪಾಟೀಸವಾಲಿಗೆ ಗುರಿಪಡಿಸಬಹುದು.

ನ್ಯಾಯಾಲಯದ ಒಳಗೂ ಈ ಮೌನ ಪ್ರವೇಶಿಸಿದೆ. 2013ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಬ್ಬನಿಗೆ ಆರು ವರ್ಷ ಸೆರೆವಾಸ ವಿಧಿಸುವಾಗ ನ್ಯಾಯಾಧೀಶರು, ಆತ ಮತ್ತೆ ಅಪರಾಧವೆಸಗುವ ಸಂಭವವನ್ನು ಅಳೆಯುವ ‘ಕಂಪಾಸ್’ ಎಂಬ ಗಣಕಸಾಧನದ ಲೆಕ್ಕವನ್ನೂ ಗಮನಕ್ಕೆ ತೆಗೆದುಕೊಂಡರು. ಆ ಲೆಕ್ಕ ಹೇಗೆ ಬಂತೆಂದು ಆತ ಕೇಳಿದ. ಅದು ತಯಾರಕರ ವ್ಯಾಪಾರ ರಹಸ್ಯವಾಗಿತ್ತು. 2016ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಂಥ ಲೆಕ್ಕವೊಂದೇ ತೀರ್ಪನ್ನು ನಿರ್ಧರಿಸಕೂಡದು, ನ್ಯಾಯಾಧೀಶರಿಗೆ ಹೋಗುವ ವರದಿಯಲ್ಲಿ ಎಚ್ಚರಿಕೆಯ ಮಾತುಗಳಿರಬೇಕು ಎಂದೂ ಹೇಳಿತು. ಮರುವರ್ಷ ದೇಶದ ಸರ್ವೋಚ್ಚ ನ್ಯಾಯಾಲಯ ಅವನ ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಲೆಕ್ಕ ಗುಟ್ಟಾಗಿಯೇ ಉಳಿಯಿತು.