ಬಾಣಂತಿಯ ಹೊಟ್ಟೆ



ಹೆರಿಗೆಯಾದವಳ ಹೊಟ್ಟೆಗೆ ಹಳೆಯ ಸೀರೆಯನ್ನು ಬಿಗಿದು ಕಟ್ಟುವುದು, ಕುಡಿಯುವ ನೀರನ್ನು ಅಳೆದು ಕೊಡುವುದು ಕೂಡ್ಲಿಗಿ, ಕೊಟ್ಟೂರಿನ ಕಡೆಯಲ್ಲಿಯೂ ಹಿರಿಯರ ವಾಡಿಕೆ. ಹೊಟ್ಟೆ ಬರಬಾರದೆಂಬ ಅವರ ಕಾಳಜಿ ಸರಿಯೆ. ಉಪಾಯವನ್ನು ಮಾತ್ರ ವಿಚಾರಿಸಿ ನೋಡಬೇಕು.

ಹಿಗ್ಗಿದ ಗರ್ಭಕೋಶವು ತಾನಾಗಿಯೇ ಕುಗ್ಗಲು ಸುಮಾರು 6 ವಾರ ಬೇಕು. ನಡುವೆ ಅಗಲಿದ ಸ್ನಾಯುಗಳು ಕೂಡಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಬಟ್ಟೆ ನಡುವಿಗೆ ಆಸರೆಯಾದೀತು, ಕೊಬ್ಬನ್ನು ಕರಗಿಸಲಾರದು. ಅತಿಯಾಗಿ ಬಿಗಿದರೆ ಒತ್ತಡವೆಲ್ಲ ಕೆಳಗಿನ ಸಡಿಲ ಸ್ನಾಯುಗಳ ಮೇಲೆ ಬೀಳುತ್ತದೆ.

ನೀರನ್ನು ತಡೆಯುವುದಂತೂ ಸಲ್ಲದು. ಮಲಬದ್ಧತೆ, ಉರಿಮೂತ್ರಗಳಿಗೆ ಅದೇ ದಾರಿ. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಆಹಾರ ಹೆಚ್ಚಾಗಿಯೇ ಬೇಕು. ಜೋಳದ ರೊಟ್ಟಿ, ಬೇಳೆ, ಸೊಪ್ಪು, ಹಾಲು ಧಾರಾಳವಾಗಿರಲಿ. ತುಪ್ಪ, ಅಂಟಿನುಂಡೆ ಮಿತವಾಗಿರಲಿ. ತೆಳ್ಳಗಾಗಲೆಂದು ಉಪವಾಸ ಬೇಡ.

ಸಹಜ ಹೆರಿಗೆಯಾದವರು ಕೆಲವು ದಿನಗಳಲ್ಲೇ ಲಘು ವ್ಯಾಯಾಮ ತೊಡಗಬಹುದು. ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತ ಹೊಟ್ಟೆಯನ್ನು ಮೆಲ್ಲನೆ ಒಳಗೆಳೆದು, ಐದೆಣಿಸಿ ಸಡಿಲಿಸಿರಿ. ಹೀಗೆ ಹತ್ತು ಸಲ. ಅನಂತರ ಅಂಗಳದಲ್ಲಿ ನಡಿಗೆ. ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

8 ವಾರ ಕಳೆದರೂ, ಮಲಗಿ ತಲೆಯೆತ್ತಿದಾಗ ಹೊಟ್ಟೆಯ ನಡುವೆ ಉಬ್ಬು ಕಂಡರೆ ವೈದ್ಯರಿಗೆ ತೋರಿಸಿರಿ. ಒಂಬತ್ತು ತಿಂಗಳು ಬೆಳೆದ ಹೊಟ್ಟೆ ಒಂಬತ್ತು ದಿನದಲ್ಲಿ ಇಳಿಯದು. ಅತ್ತೆಯೂ ತಾಯಿಯೂ ಇದನ್ನು ನೆನೆದು, ಬಾಣಂತಿಗೆ ಒಂದು ಚೆಂಬು ನೀರು ಹೆಚ್ಚಾಗಿಯೇ ಕೊಡಲಿ.