ಡ್ರೋನ್ ಯುಗದಲ್ಲಿ ರೈಲುಮಾರ್ಗದ ರಕ್ಷಣೆ

(ನಾಗರಿಕ ರಕ್ಷಣೆಯನ್ನು ಕುರಿತ ಭಾಷಣದ ಪಾಠ)

1942ರ ಏಪ್ರಿಲ್ 6ರಂದು ಜಪಾನಿನ ವಿಮಾನವಾಹಕ ನೌಕೆಯಿಂದ ಹಾರಿಬಂದ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬುಗಳನ್ನು ಹಾಕಿದವು. ಪ್ರಾಣಹಾನಿ ಹೆಚ್ಚಾಗಿರಲಿಲ್ಲ. ಆದರೆ ಬಾಂಬಿಗಿಂತ ವೇಗವಾಗಿ ವದಂತಿ ಹರಡಿತು. ಬಹುಸಂಖ್ಯೆಯ ಜನರು ಮನೆಮಠಗಳನ್ನು ತೊರೆದು ಒಳನಾಡಿನ ದಾರಿ ಹಿಡಿದರು. ಆ ದಿನದ ಅನುಭವದಲ್ಲಿ ಇಂದಿಗೂ ಸಲ್ಲುವ ಪಾಠವೊಂದಿದೆ.

ಅಂದು ಇಂತಹ ದಾಳಿಗೆ ದೊಡ್ಡ ನೌಕಾಬಲವೇ ಬೇಕಾಗಿತ್ತು. ಇಂದು ಅಲ್ಪವೆಚ್ಚದ, ಚಾಲಕನಿಲ್ಲದ ಪುಟ್ಟ ವಿಮಾನವೇ ಆ ಕೆಲಸವನ್ನು ಮಾಡಬಲ್ಲದು. ತಗ್ಗಿನಲ್ಲಿ ಹಾರುವ ಡ್ರೋನನ್ನು ರೇಡಾರ್ ಗುರುತಿಸುವುದು ಸುಲಭವಲ್ಲ. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್ ಮೂಲಕ ಸ್ಫೋಟಕಗಳನ್ನು ಹಾಕಲಾಯಿತು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನವು ಒಂದೇ ರಾತ್ರಿ 36 ಸ್ಥಳಗಳತ್ತ ಸುಮಾರು 300ರಿಂದ 400 ಡ್ರೋನುಗಳನ್ನು ಕಳುಹಿಸಿತೆಂದು ಭಾರತ ಸರ್ಕಾರ ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರ್ 4ರಂದು ಯುಕ್ರೇನಿನ ಶೋಸ್ಟ್ಕಾ ನಿಲ್ದಾಣದಲ್ಲಿ ಪ್ರಯಾಣಿಕರ ರೈಲುಗಳೇ ರಷ್ಯಾದ ಡ್ರೋನುಗಳಿಗೆ ಗುರಿಯಾದವು.

ಈ ಹಿನ್ನೆಲೆಯಲ್ಲಿ ವಿಶಾಖಪಟ್ಟಣ ಮತ್ತು ವಿಜಯವಾಡಗಳ ನಡುವಣ ಸುಮಾರು 350 ಕಿಲೋಮೀಟರ್ ರೈಲುಮಾರ್ಗವನ್ನು ಪರಿಶೀಲಿಸುವುದು ಉಚಿತ. ವಿಶಾಖಪಟ್ಟಣದಲ್ಲಿ ಪೂರ್ವ ನೌಕಾ ಕಮಾಂಡಿನ ಕೇಂದ್ರ, ಬಂದರು, ಉಕ್ಕಿನ ಕಾರ್ಖಾನೆ ಮತ್ತು ತೈಲ ಶುದ್ಧೀಕರಣಾಗಾರಗಳಿವೆ. ವಿಜಯವಾಡದಲ್ಲಿ ಹೌರಾ, ಚೆನ್ನೈ ಮತ್ತು ದೆಹಲಿಯ ಮಾರ್ಗಗಳು ಕೂಡುತ್ತವೆ. ಹುಬ್ಬಳ್ಳಿಯಿಂದ ಗುಂತಕಲ್ಲು, ಗುಂಟೂರುಗಳ ಮೂಲಕ ಬರುವ ಪ್ರಯಾಣಿಕರೂ ಇಲ್ಲಿಗೇ ತಲುಪುತ್ತಾರೆ. ಇವೆರಡರ ನಡುವೆ ರಾಜಮಹೇಂದ್ರಿಯ ಬಳಿ ಗೋದಾವರಿ ಹರಿಯುತ್ತದೆ. 1900ರಲ್ಲಿ ಬಳಕೆಗೆ ಬಂದ ಹಳೆಯ ಸೇತುವೆ 1997ರಲ್ಲಿ ನಿವೃತ್ತಿ ಹೊಂದಿತು. ಇಂದು 1974ರ ರಸ್ತೆ-ರೈಲು ಸೇತುವೆ ಹಾಗೂ ಅನಂತರ ನಿರ್ಮಿಸಿದ ಕಮಾನು ಸೇತುವೆಗಳ ಮೇಲೆ ರೈಲುಗಳು ಓಡುತ್ತಿವೆ.

ಸೇತುವೆಗೆ ಮಾತ್ರ ಅಪಾಯವಿದೆಯೆಂದು ಭಾವಿಸುವುದು ಸರಿಯಲ್ಲ. ಕೆಲವೇ ಕಿಲೋಗ್ರಾಂ ಸ್ಫೋಟಕ ಹೊರುವ ಸಣ್ಣ ಡ್ರೋನು ಗೋದಾವರಿಯ ಕಾಂಕ್ರೀಟು ಕಮಾನನ್ನು ಕೆಡಹುವುದು ದುಸ್ಸಾಧ್ಯ. ಮುರಿದ ಹಳಿಯನ್ನು ಬಹುಬೇಗ ಬದಲಾಯಿಸಬಹುದು. ಆದರೆ ಎಂಜಿನುಗಳಿಗೆ 25 ಕಿಲೋವೋಲ್ಟ್ ವಿದ್ಯುತ್ ಒದಗಿಸುವ ಉಪಕೇಂದ್ರದ ಟ್ರಾನ್ಸ್‌ಫಾರ್ಮರ್, ಸಿಗ್ನಲ್ ನಿಯಂತ್ರಣ ವ್ಯವಸ್ಥೆ ಮೊದಲಾದವು ಅಷ್ಟು ಸುಲಭವಾಗಿ ಮರಳಿ ದೊರೆಯುವಂಥವಲ್ಲ. ಯುಕ್ರೇನಿನಲ್ಲಿ ವಿದ್ಯುತ್ ಕಡಿದಾಗ ಮೀಸಲು ಡೀಸೆಲ್ ಎಂಜಿನುಗಳೇ ರೈಲುಗಳನ್ನು ಎಳೆದವು. ಬಿಡಿಭಾಗಗಳನ್ನೂ ಕೆಲವು ಡೀಸೆಲ್ ಎಂಜಿನುಗಳನ್ನೂ ಕಾದಿರಿಸುವುದು ಅಪವ್ಯಯವಲ್ಲ.

ಬದಲಿ ಮಾರ್ಗಗಳಿಗೂ ಅಷ್ಟೇ ಮಹತ್ವವಿದೆ. ಕರಾವಳಿಯ ಮಾರ್ಗ ಕಡಿದರೆ ಸರಕು ವಿಜಯನಗರಂ, ರಾಯಗಡ, ರಾಯಪುರ, ನಾಗಪುರ ಮತ್ತು ಕಾಜೀಪೇಟೆಗಳ ಮೂಲಕ ಸುತ್ತಿ ವಿಜಯವಾಡವನ್ನು ಸೇರಬಲ್ಲದು. ದಾರಿ ದೂರವಾದರೂ ಸಾಗಾಟ ನಿಲ್ಲುವುದಿಲ್ಲ. ಆದರೆ 2024ರ ಸೆಪ್ಟೆಂಬರ್ ಆರಂಭದ ಪ್ರವಾಹದಲ್ಲಿ ವಿಜಯವಾಡ-ಕಾಜೀಪೇಟೆ ಮಾರ್ಗದ ಹಳಿಗಳ ಕೆಳಗಿನ ಮಣ್ಣೇ ಕೊಚ್ಚಿಹೋಯಿತು. ಕಾರ್ಮಿಕರು ಹಗಲಿರುಳು ದುಡಿದು ಕೆಲವೇ ದಿನಗಳಲ್ಲಿ ಸಂಚಾರವನ್ನು ಪುನರಾರಂಭಿಸಿದರು. ಬದಲಿ ಮಾರ್ಗಕ್ಕೂ ರಕ್ಷಣೆ ಬೇಕೆಂಬುದನ್ನು, ದುರಸ್ತಿಯ ವೇಗವೂ ಒಂದು ರಕ್ಷಾಕವಚವೆಂಬುದನ್ನು ಈ ಘಟನೆ ತೋರಿಸಿಕೊಟ್ಟಿತು.

ಡ್ರೋನುಗಳನ್ನು ಪತ್ತೆಹಚ್ಚಿ ತಡೆಯುವ ಹೊಣೆ ಸೇನಾಪಡೆಗಳದು ಹಾಗೂ ಭದ್ರತಾ ದಳಗಳದು. ನಾಗರಿಕರ ಕರ್ತವ್ಯ ಬೇರೆ ಬಗೆಯದು. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಹಳಿಯ ಬಳಿ ಬಿದ್ದಿರುವ ಡ್ರೋನನ್ನಾಗಲಿ ಅದರ ತುಣುಕನ್ನಾಗಲಿ ಯಾರೂ ಮುಟ್ಟಬಾರದು. ದೂರ ಸರಿದು, ಇತರರನ್ನೂ ದೂರವಿರಿಸಿ, 112ಕ್ಕೆ ಅಥವಾ ರೈಲ್ವೆಯ 139ಕ್ಕೆ ತಿಳಿಸಬೇಕು. ಸೇನಾ ರೈಲುಗಳ ಚಿತ್ರ ತೆಗೆದು ಹಂಚುವುದು ಶತ್ರುವಿಗೆ ನೆರವಾದೀತು.

2025ರ ಮೇ 7ರ ರಾಷ್ಟ್ರವ್ಯಾಪಿ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಯಲ್ಲಿ ವಿಶಾಖಪಟ್ಟಣವೂ ಪಾಲ್ಗೊಂಡಿತು. ಸೈರನ್ ಮೊಳಗಿದಾಗ ಎಲ್ಲಿ ಆಶ್ರಯ ಪಡೆಯಬೇಕು, ಗಾಯಗೊಂಡವರನ್ನು ಹೇಗೆ ಸಾಗಿಸಬೇಕು ಎಂಬ ತಿಳಿವಳಿಕೆ ಇಂತಹ ಅಭ್ಯಾಸದಿಂದಲೇ ಬರುತ್ತದೆ. 1942ರಲ್ಲಿ ಆ ಊರಿಗೆ ಕೊರತೆಯಾಗಿದ್ದುದು ಈ ಸಿದ್ಧತೆಯೇ. ಹಾನಿಗೊಂಡ ಹಳಿಯನ್ನು ಕಾರ್ಮಿಕರು ಸರಿಪಡಿಸಬಲ್ಲರು. ಜನತೆಯ ಧೈರ್ಯವನ್ನು ಕಾಪಾಡಿಕೊಳ್ಳಬೇಕಾದವರು ಜನರೇ.