ಫ್ರಾಂಕ್ಲಿನ್‌ನ ತುಪ್ಪಳದ ಟೋಪಿ: ಒಂದು ಮಣ್ಣಿನ ಪದಕದ ವಿವಾದ



 ಯಾರ ಹೆಸರಿನಲ್ಲಿ ಈ ದತ್ತಿ ಉಪನ್ಯಾಸ ನಡೆದುಬಂದಿದೆಯೋ ಆ ಹಿರಿಯರು ವಸ್ತುವನ್ನು ಕಣ್ಣಾರೆ ನೋಡದೆ ತೀರ್ಪು ಕೊಟ್ಟವರಲ್ಲ. ಆ ಶಿಸ್ತಿಗೆ ತಲೆಬಾಗಿ ಮಾತು ಆರಂಭಿಸುತ್ತೇನೆ.

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಗಣ್ಯರ ಪಾರ್ಶ್ವಮುಖದ ಉಬ್ಬುಪದಕಗಳನ್ನು ಅಚ್ಚೊತ್ತಿ, ಸುಟ್ಟು, ಮಾರುತ್ತಿದ್ದ ಸಂಗತಿ ನಿಮಗೆ ಗೊತ್ತು. ಇಂಗ್ಲೆಂಡಿನ ಕುಂಬಾರ ಜೋಸಾಯ ವೆಜ್‌ವುಡ್ 1774–75ರ ಹೊತ್ತಿಗೆ ಜಾಸ್ಪರ್ ಎಂಬ ಪದಕದ ಮಣ್ಣನ್ನು ಹದಕ್ಕೆ ತಂದದ್ದು, ಹ್ಯಾಕ್‌ವುಡ್ ಮತ್ತು ಫ್ಲ್ಯಾಕ್ಸ್‌ಮನ್ ಅವನಿಗೆ ಮಾದರಿ ಮಾಡಿಕೊಟ್ಟದ್ದು ಎಲ್ಲ ಕೈಪಿಡಿಗಳಲ್ಲೂ ಇದೆ. ನನ್ನ ಗಮನ ಫ್ರಾನ್ಸಿನ ಲ್ವಾರ್ ನದಿಯ ದಡದ ಶೋಮೋಂ ಊರಿನ ಮಣ್ಣು ಸುಡುವ ಗೂಡಿನ ಮೇಲೆ. ಅಲ್ಲಿ ಇಟಲಿ ಮೂಲದ ಝಾನ್ ಬಾತಿಸ್ತ್ ನಿನಿ 1777ರಲ್ಲಿ, ಅಮೆರಿಕದ ಪ್ರತಿನಿಧಿಯಾಗಿ ಫ್ರಾನ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್‌ನ ಪದಕ ಮಾಡಿದ.

ಅಂಗೈ ತುಂಬುವ ಸುಟ್ಟ ಮಣ್ಣಿನ ಬಿಲ್ಲೆ. ಸುತ್ತ ಹೆಸರು ಮತ್ತು ‘ಅಮೆರಿಕದವನು’ ಎಂಬ ಬರಹ. ಭುಜ ಕತ್ತರಿಸಿದಲ್ಲಿ ನಿನಿಯ ಸಹಿ, ವರ್ಷ. ತಲೆಯ ಮೇಲೆ ತುಪ್ಪಳದ ಟೋಪಿ. ನಿನಿ ಫ್ರಾಂಕ್ಲಿನ್‌ನನ್ನು ಎದುರು ಕೂರಿಸಿಕೊಂಡು ಇದನ್ನು ಮಾಡಲಿಲ್ಲ. ಕಿರಿಯ ಥಾಮಸ್ ವಾಲ್‌ಪೋಲ್ ಬರೆದ ರೇಖಾಚಿತ್ರವೇ ಆಧಾರ. ಹಾಗಾದರೆ ಈ ಟೋಪಿ ಯಾರ ತಲೆಯಿಂದ ಹೊಳೆದದ್ದು?

ಸರಳ ಅಮೆರಿಕನ್ನನ ವೇಷ ಫ್ರಾಂಕ್ಲಿನ್‌ನದೇ ಹಂಚಿಕೆ, ಪದಕ ಅದರ ಪ್ರಚಾರ ಎಂದು ಕೆಲವರು ವಾದಿಸುತ್ತಾರೆ. ಅವರ ವಿದ್ವತ್ತಿನ ಬಗ್ಗೆ ಗೌರವವಿದೆ, ವಾದ ಮಾತ್ರ ನಿಲ್ಲುವುದಿಲ್ಲ. 1777ರ ಫೆಬ್ರವರಿಯ ಪತ್ರದಲ್ಲಿ ಫ್ರಾಂಕ್ಲಿನ್ ತನ್ನ ಟೋಪಿ ಹಣೆಯ ಮೇಲೆ ಹೆಚ್ಚುಕಡಿಮೆ ಕನ್ನಡಕದವರೆಗೂ ಇಳಿಯುತ್ತದೆ ಎಂದು ಬರೆದಿದ್ದಾನೆ. ಕಲಾವಿದ ಕೋಷ್ಯಾಂ ಬರೆದ ಅದೇ ವರ್ಷದ ಚಿತ್ರದ ಮುದ್ರಣದಲ್ಲಿ ಟೋಪಿ, ಕನ್ನಡಕ ಎರಡೂ ಇವೆ. ಹೆಚ್ಚು ಹರಡಿದ ನಿನಿ ಪದಕದಲ್ಲಿ ಕನ್ನಡಕವೇ ಇಲ್ಲ. ತನ್ನದೇ ಪ್ರಚಾರದಲ್ಲಿ ತನ್ನದೇ ಗುರುತನ್ನು ಬಿಡುವುದುಂಟೇ?

ಇನ್ನು ಕೆಲವರ ಪ್ರಕಾರ ನಿನಿ ಸರಳ ಬದುಕನ್ನು ಹೊಗಳಿದ ದಾರ್ಶನಿಕ ರೂಸೋನ ಭಾವಚಿತ್ರದ ಟೋಪಿಯನ್ನು ಎತ್ತಿಕೊಂಡ. ಇರಬಹುದು. ಆದರೆ ಎಲ್ಲಿಂದ ತಂದ ಎಂದು ಹೇಳಿದ ಮಾತ್ರಕ್ಕೆ ಏಕೆ ತಂದ ಎಂಬುದಕ್ಕೆ ಉತ್ತರ ಸಿಕ್ಕಂತಾಗಲಿಲ್ಲ.

ನನ್ನ ಉತ್ತರ ಗೂಡಿನ ಯಜಮಾನನ ಕಡೆ ಬೆರಳು ಮಾಡುತ್ತದೆ. ಲ ರೇ ದ ಶೋಮೋಂ ಪ್ಯಾರಿಸ್ ಬಳಿಯ ಪಾಸಿಯಲ್ಲಿ ಫ್ರಾಂಕ್ಲಿನ್‌ಗೆ ಮನೆ ಕೊಟ್ಟವನು, ಅಮೆರಿಕನ್ ಸೇನೆಗೆ ಸರಕು ಪೂರೈಸಿದವನು, ನಿನಿಗೆ ಸಂಬಳ ಕೊಟ್ಟವನು. ಅವನಿಗೆ ಬೇಕಾಗಿದ್ದದ್ದು ಮಾರಾಟವಾಗುವ ಅಮೆರಿಕನ್. ರೂಸೋನನ್ನು ಮೆಚ್ಚಿದ ಓದುಗರಿಗೆ ತುಪ್ಪಳದ ಟೋಪಿ ಕೂಡಲೇ ಒಪ್ಪಿತವಾಗುತ್ತದೆ. ಇದಕ್ಕೆ ಬಲವಾದ ಸಾಕ್ಷಿ 1779ರದು: ಅದೇ ಗೂಡು ಟೋಪಿ ತೆಗೆದು, ಬರಿದಲೆಯ ಫ್ರಾಂಕ್ಲಿನ್‌ನ ಸುತ್ತ ಫ್ರೆಂಚ್ ರಾಜನೀತಿಜ್ಞ ತ್ಯುರ್ಗೋ ರಚಿಸಿದ ಲ್ಯಾಟಿನ್ ಪಂಕ್ತಿಯನ್ನು ಒತ್ತಿತು. ಟೋಪಿ ಸಿದ್ಧಾಂತವಾಗಿದ್ದರೆ ಎರಡೇ ವರ್ಷಕ್ಕೆ ಇಳಿಯುತ್ತಿರಲಿಲ್ಲ. ಅದು ಗಿರಾಕಿಯನ್ನು ನೋಡಿ ತೊಡಿಸಿದ್ದು, ಗಿರಾಕಿಯನ್ನು ನೋಡಿಯೇ ತೆಗೆದದ್ದು. ಅಮೆರಿಕದ ಸ್ವಾತಂತ್ರ್ಯಯುದ್ಧ ನಡೆಯುತ್ತಿದ್ದಾಗ ವೆಜ್‌ವುಡ್ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ನನ್ನೂ ಫ್ರಾಂಕ್ಲಿನ್‌ನನ್ನೂ ಒಂದೇ ಕಾರ್ಖಾನೆಯಿಂದ ಮಾರಿದ ಎಂಬುದನ್ನು ಪ್ರಚಾರವಾದಿಗಳು ಮರೆಯಬಾರದು.

ಆದ್ದರಿಂದ ಈ ಪದಕದ ಕರ್ತೃ ಎಂದು ನಿನಿಯೊಬ್ಬನನ್ನೇ ಹೆಸರಿಸುವುದು ಅರ್ಧಸತ್ಯ. ಗೆರೆ ಎಳೆದ ವಾಲ್‌ಪೋಲ್, ಬಂಡವಾಳ ಹೂಡಿದ ಶೋಮೋಂ, ಇಬ್ಬರ ಹೆಸರೂ ಮ್ಯೂಸಿಯಂ ಫಲಕದಲ್ಲಿ ಅವನ ಪಕ್ಕ ಬರಬೇಕು. ಒಪ್ಪದವರು 1779ರ ಬರಿದಲೆಗೆ ಬೇರೆ ಕಾರಣ ಕೊಡಲಿ, ಕೇಳಲು ಸಿದ್ಧನಿದ್ದೇನೆ.